ಕಾರ್ಟೂನ್ ನೋಡಿ ಹೆದರಿದ ಮಗುವಿದ್ದರೆ: ಅಜ್ಜಿಯ ಕಿವಿಮಾತು

ನನ್ನ ಮೊಮ್ಮಗಳಿಗೆ ಆಗ ನಾಲ್ಕು ವರ್ಷ. ಒಂದು ಶುಕ್ರವಾರ ಬೆಳಿಗ್ಗೆ ನಾನು ತಲೆಗೆ ಮಿಂದು, ಒದ್ದೆ ಕೂದಲು ಬಿಚ್ಚಿಕೊಂಡು ಚಾವಡಿಗೆ ಬಂದೆ. ದಿನಾ ಓಡಿ ಬಂದು ಕಾಲು ತಬ್ಬುವವಳು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಅಂಟಿ ನಿಂತಳು. "ನೀನು ಅಜ್ಜಿಯೇನಾ?" ಎಂದು ಕೇಳಿದಳು. ಹಿಂದಿನ ಸಂಜೆ ನಾವೆಲ್ಲ ಅಡುಗೆಮನೆಯಲ್ಲಿ ಹಲಸಿನ ಸೊಳೆ ಬಿಡಿಸುತ್ತಿದ್ದಾಗ ಅವಳೊಬ್ಬಳೇ ಕೂತು ಯಾವುದೋ ಕಾರ್ಟೂನ್ ನೋಡಿದ್ದಳಂತೆ. ಅದರಲ್ಲಿ ಒಳ್ಳೆಯ ಮುದುಕಿಯೊಬ್ಬಳು ಬಾಗಿಲು ತೆರೆದು ನಗುತ್ತಾಳೆ, ಮುಖ ಆಚೆ ತಿರುಗಿಸುತ್ತಾಳೆ. ಮತ್ತೆ ಈಚೆ ತಿರುಗಿದಾಗ ಕಣ್ಣಿದ್ದಲ್ಲಿ ಎರಡು ಕಪ್ಪು ಗುಳಿ. ಟಿವಿಯಲ್ಲಿ ಅದು ನಾಲ್ಕೈದು ಸೆಕೆಂಡು. ನಮ್ಮ ಮನೆಯಲ್ಲಿ ಮೂರು ವಾರ.

ಬಾಲವಾಡಿ, ಪ್ರಾಥಮಿಕ ಶಾಲೆ ಅಂತ ಬಹಳ ವರ್ಷ ಮಕ್ಕಳ ನಡುವೆಯೇ ಇದ್ದವಳು ನಾನು. ಆದರೂ ಆ ಮೂರು ವಾರ ಕಲಿಸಿದ್ದು ಬೇರೆಯೇ. ಮನೆಯ ಸೊಸೆಯಂದಿರು, ಹೆಣ್ಣುಮಕ್ಕಳು ಕೇಳಿದರೆಂದು ಬರೆದಿಟ್ಟೆ. ನೀವೂ ಓದಿಕೊಳ್ಳಿ.

• ಮೊದಲು ಮಡಿಲು, ಮಾತು ಆಮೇಲೆ. ಹೆದರಿ ಬಂದ ಮಗುವನ್ನು ಎತ್ತಿಕೊಳ್ಳಿ, ಬೆನ್ನು ನೀವಿ, ಒಂದು ಲೋಟ ಬಿಸಿ ಹಾಲು ಕೊಡಿ. ಏನಾಯಿತು, ಯಾಕಾಯಿತು ಎಂಬ ವಿಚಾರಣೆ ಆ ಹೊತ್ತಿಗೆ ಬೇಡ. ಟಿವಿ, ಸಿನಿಮಾ ನೋಡಿ ಮಕ್ಕಳು ಹೆದರುವುದರ ಬಗ್ಗೆ ಅಮೆರಿಕದ ಜೋಆನ್ ಕ್ಯಾಂಟರ್ ಎಂಬವರು ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ತೀರ ಚಿಕ್ಕವರಿಗೆ ಅಪ್ಪುಗೆ, ತಿನಿಸು, ದಿನಾ ಹೊದೆಯುವ ಹೊದಿಕೆ ಕೊಡುವ ಸಮಾಧಾನವನ್ನು ಯಾವ ವಿವರಣೆಯೂ ಕೊಡುವುದಿಲ್ಲ ಎಂಬುದು ಅವರು ಕಂಡುಕೊಂಡದ್ದು.

• "ಅದೆಲ್ಲ ಸುಳ್ಳು" ಎನ್ನಬೇಡಿ. ನಾನು ಹೇಳಿದೆ, ತಪ್ಪಾಯಿತು. "ಸುಳ್ಳಾದ್ರೆ ಕಾಣ್ತದೆ ಯಾಕೆ?" ಎಂದು ಮಗು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಆ ವಯಸ್ಸಿಗೆ ಕಣ್ಣಿಗೆ ಕಂಡದ್ದು ಇದ್ದದ್ದೇ. ಸುಳ್ಳು ಎಂದ ಮೇಲೆ ಅವಳು ಹೆದರಿಕೆಯನ್ನು ನನ್ನ ಹತ್ತಿರ ಹೇಳುವುದನ್ನೇ ನಿಲ್ಲಿಸಿದಳು. "ಹೌದು ಮಗಾ, ನೋಡಿದ್ರೆ ಯಾರಿಗಾದ್ರೂ ಹೆದರಿಕೆ ಆಗ್ತದೆ, ನಾನಿದ್ದೇನೆ" ಎಂದಿದ್ದರೆ ಸಾಕಿತ್ತು.

• ಯಾವ ವಯಸ್ಸಿಗೆ ಯಾವ ಹೆದರಿಕೆ ಎಂಬುದು ಗೊತ್ತಿರಲಿ. ಏಳರ ಒಳಗಿನವರು ರೂಪಕ್ಕೆ ಹೆದರುತ್ತಾರೆ, ಅದಕ್ಕಿಂತಲೂ ರೂಪ ಬದಲಾಗುವ ಗಳಿಗೆಗೆ. 'ದಿ ಇನ್‌ಕ್ರೆಡಿಬಲ್ ಹಲ್ಕ್' ಎಂಬ ಅಮೆರಿಕದ ಟಿವಿ ಧಾರಾವಾಹಿಯಲ್ಲಿ ಸಾಧು ಮನುಷ್ಯನೊಬ್ಬ ಸಿಟ್ಟು ಬಂದಾಗ ಹಸಿರು ದೈತ್ಯನಾಗುತ್ತಿದ್ದ. ದೈತ್ಯನಾದ ಮೇಲೂ ಜನರನ್ನು ಕಾಪಾಡುತ್ತಿದ್ದ, ಆದರೂ ಪುಟ್ಟ ಮಕ್ಕಳು ಅವನು ಬದಲಾಗುವುದನ್ನು ನೋಡಲಾರದೆ ಕಂಗೆಡುತ್ತಿದ್ದರು. ಕ್ಯಾಂಟರ್ ಅವರ ಗಮನವನ್ನು ಇತ್ತ ಸೆಳೆದದ್ದರಲ್ಲಿ ಅದೂ ಒಂದು. ನಮ್ಮವರು ಮುಖ ತಿರುಗಿಸಿ ಬೇರೆಯವರಾಗಿಬಿಟ್ಟರೆ ಎಂಬ ಭಯ ಅದು. ನನ್ನ ಬಿಚ್ಚಿದ ಕೂದಲು ಮಗುವಿಗೆ ಯಾಕೆ ಹಾಗೆ ಕಂಡಿತು ಎಂದು ಆಮೇಲೆ ಅರ್ಥವಾಯಿತು. ಎಂಟು ದಾಟಿದವರದು ಬೇರೆ ಲೆಕ್ಕ. ಅವರಿಗೆ ದೆವ್ವಕ್ಕಿಂತ ಮನೆಗೆ ಬೆಂಕಿ ಬೀಳುವುದು, ಕಳ್ಳ ಬರುವುದು, ಅಮ್ಮ ಸಾಯುವುದು ಹೆಚ್ಚು. ಅವರಿಗೆ ವಿವರಿಸಿ ಹೇಳಬೇಕು, ಗಡಿಬಿಡಿ ಮಾಡದೆ.

• ವೇಷ ಕಟ್ಟುವುದನ್ನು ತೋರಿಸಿ. ನಮ್ಮ ದಕ್ಷಿಣ ಕನ್ನಡದಲ್ಲಿ ನಾನು ಸಣ್ಣವಳಿದ್ದಾಗ ಯಕ್ಷಗಾನದ ಆಟಕ್ಕೆ ಹೋದರೆ ಚಾಪೆಯ ಮೇಲೆ ಅಮ್ಮನ ಪಕ್ಕ ನಿದ್ದೆ. ನಡುರಾತ್ರಿ ಚೆಂಡೆಯ ಅಬ್ಬರಕ್ಕೆ ಎಚ್ಚರವಾದರೆ ಜನರ ಹಿಂದಿನಿಂದ ದೊಂದಿ ಹಿಡಿದು, ರಾಳದ ಬೆಂಕಿ ಭುಗಿಲೆಬ್ಬಿಸುತ್ತ ರಾಕ್ಷಸನ ಬಣ್ಣದ ವೇಷ ಬರುತ್ತಿತ್ತು. ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿ, ಸಂದಿಯಿಂದ ಒಂದೇ ಕಣ್ಣಲ್ಲಿ ನೋಡುತ್ತಿದ್ದೆ. ಎಂಟನೇ ವಯಸ್ಸಿನಲ್ಲಿ ಸೋದರಮಾವ ವೇಷ ಕಟ್ಟುವ ಚೌಕಿಗೆ ಕರೆದುಕೊಂಡು ಹೋದರು. ದೀಪದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಒಬ್ಬರು ಕನ್ನಡಿ ಹಿಡಿದು, ಅಕ್ಕಿ ಮತ್ತು ಸುಣ್ಣ ಅರೆದ ಹಿಟ್ಟಿನಿಂದ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತಿದ್ದರು. ಮುಳ್ಳುಮುಳ್ಳಾಗಿ ಅದು ಎದ್ದು ನಿಲ್ಲಲು ಗಂಟೆಗಟ್ಟಲೆ ಬೇಕು. ನನ್ನನ್ನು ನೋಡಿ, ತುಟಿ ಅಲುಗಿಸದೆ, "ಶಾಲೆಗೆ ಹೋಗ್ತೀಯಾ?" ಎಂದು ಕೇಳಿದರು. ಆ ರಾತ್ರಿ ರಾಕ್ಷಸ ಬಂದಾಗ ನಾನು ಎರಡೂ ಕಣ್ಣು ತೆರೆದು ನೋಡಿದೆ. ಅಮೆರಿಕದಲ್ಲಿ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಫ್ರೆಡ್ ರೋಜರ್ಸ್ ಮಾಡಿದ್ದೂ ಇದೇ ಕೆಲಸ. ಹಲ್ಕ್‌ನ ಚಿತ್ರೀಕರಣದ ಜಾಗಕ್ಕೇ ಹೋಗಿ, ನಟನ ಮೈಗೆ ಹಸಿರು ಬಣ್ಣ ಬಳಿಯುವುದನ್ನು ಮಕ್ಕಳಿಗೆ ತೋರಿಸಿದರು.

• ಕಾರ್ಟೂನಿಗೆ ಚೌಕಿ ಎಲ್ಲಿ ಎಂದು ಕೇಳಬೇಡಿ, ಹಳೆಯ ನೋಟ್‌ಬುಕ್ಕಿನ ಮೂಲೆಯಲ್ಲಿದೆ. ಒಂದೊಂದು ಹಾಳೆಯ ಮೂಲೆಯಲ್ಲೂ ಒಂದು ಮುಖ ಬರೆಯಿರಿ, ಹಾಳೆಯಿಂದ ಹಾಳೆಗೆ ಸ್ವಲ್ಪವೇ ಬದಲಾಯಿಸುತ್ತ ಹೋಗಿ. ಹೆಬ್ಬೆರಳಲ್ಲಿ ಸರ್ರನೆ ಮಗುಚಿದರೆ ಮುಖ ಚಲಿಸುತ್ತದೆ. ಕೈಯಲ್ಲಿ ಬರೆದು ಮಾಡುವ ಕಾರ್ಟೂನೂ ಹೀಗೇ, ಒಂದು ಸೆಕೆಂಡಿಗೆ ಹನ್ನೆರಡೋ ಇಪ್ಪತ್ತನಾಲ್ಕೋ ಚಿತ್ರ. ನಾವು ಆ ಮುದುಕಿಯನ್ನೇ ಬರೆದೆವು. ಇಪ್ಪತ್ತು ಹಾಳೆ, ಕಣ್ಣಿಗೆ ಕಪ್ಪು ತುಂಬುವ ಕೆಲಸ ಮೊಮ್ಮಗಳದು. ಮಗುಚಿ ನೋಡಿ ಒಮ್ಮೆ ಬೆಚ್ಚಿದಳು. ಆಮೇಲೆ ತಾನೇ ಹಿಂದಿನಿಂದ ಮುಂದಕ್ಕೆ ಮಗುಚಿದಳು. "ಅಜ್ಜೀ, ಕಣ್ಣು ವಾಪಸ್ ಬಂತು" ಎಂದಳು. ಆ ದಿನ ಅದನ್ನು ಎಷ್ಟು ಸಲ ವಾಪಸ್ ತಂದಳೋ ಲೆಕ್ಕವಿಲ್ಲ.

• ಅರ್ಧಕ್ಕೆ ಎಬ್ಬಿಸಿಕೊಂಡು ಹೋಗಬೇಡಿ. 1969ರಲ್ಲಿ ಶುರುವಾದ 'ಸ್ಕೂಬಿ ಡೂ'ವಿನಲ್ಲಿ ಕೊನೆಗೆ ಭೂತದ ಮುಖವಾಡ ಕಳಚುತ್ತದೆ, ಒಳಗೆ ಆಸೆಬುರುಕ ಮನುಷ್ಯನೊಬ್ಬ ಇರುತ್ತಾನೆ. ನಡುವೆ "ಊಟಕ್ಕೆ ಬಾ" ಎಂದು ಟಿವಿ ಆರಿಸಿದರೆ ಮಗುವಿನ ಪಾಲಿಗೆ ಭೂತ ಭೂತವಾಗಿಯೇ ಉಳಿಯಿತು. ಮುಗಿಯುವವರೆಗೆ ಪಕ್ಕದಲ್ಲಿ ಕೂತುಕೊಳ್ಳಿ. ಮಗುವೇ "ಸಾಕು, ಬೇಡ" ಎಂದರೆ ಮಾತ್ರ ಆ ಕ್ಷಣ ಆರಿಸಿ.

• ಎಲ್ಲ ಭಯದ ಕಾರ್ಟೂನೂ ಕೆಟ್ಟದ್ದಲ್ಲ. 1999ರಿಂದ 2002ರವರೆಗೆ ಬಂದ ಜಾನ್ ಡಿಲ್‌ವರ್ತ್ ಅವರ 'ಕರೇಜ್ ದಿ ಕವರ್ಡ್ಲಿ ಡಾಗ್' ನೆನಪಿರಬಹುದು, ಈಗ ಅಪ್ಪ-ಅಮ್ಮ ಆಗಿರುವ ನಿಮ್ಮಲ್ಲೇ ಎಷ್ಟೋ ಮಂದಿ ಅದಕ್ಕೆ ಹೆದರಿದವರು. ಅದರ ಒಂದು ಕಂತಿನಲ್ಲಿ ಕಲ್ಲಿನ ಫಲಕ ವಾಪಸ್ ಕೊಡು ಎಂದು ಕತ್ತಲ ಹೊಲದಲ್ಲಿ ಬಂದು ನಿಲ್ಲುವ ರಾಜ ರಾಮ್ಸೀಸನ ಆಕೃತಿ ಯಾಕೆ ಅಷ್ಟು ಕಾಡುತ್ತದೆ? ಉಳಿದದ್ದೆಲ್ಲ ಕೈಯಲ್ಲಿ ಬರೆದ ಚಿತ್ರದ ಹಾಗಿದ್ದರೆ ಅವನೊಬ್ಬನನ್ನು ಕಂಪ್ಯೂಟರಿನಲ್ಲಿ ಮಾಡಿದ್ದಾರೆ. ಆ ಲೋಕಕ್ಕೆ ಸೇರದವನು ಒಳಗೆ ಬಂದು ನಿಂತಂತೆ ಕಾಣುತ್ತದೆ. ನಾಲ್ಕು ವರ್ಷದವರಿಗೆ ಇದು ಖಂಡಿತ ಬೇಡ. ಆದರೆ ಹತ್ತು ವರ್ಷದವರ ಜೊತೆ ನಾನು ಮನಸ್ಸಿಟ್ಟು ನೋಡುತ್ತೇನೆ, ಯಾಕೆಂದರೆ ಅದರ ನಾಯಿ ಹೆದರಿ ಗಡಗಡ ನಡುಗುತ್ತಲೇ ತನ್ನ ಮನೆಯ ಅಜ್ಜಿಯನ್ನು ಕಾಪಾಡುತ್ತದೆ. ಹೆದರುಪುಕ್ಕಲ ಎನಿಸಿಕೊಂಡ ಮಕ್ಕಳಿಗೆ ಅಂಥ ನಾಯಿ ಬೇಕು.

• ಸದ್ದು ತಗ್ಗಿಸಿ. ಚೆಂಡೆ ಇಲ್ಲದೆ ಬಣ್ಣದ ವೇಷ ಬರಲಿ ನೋಡೋಣ! ಟಿವಿಯ ಭಯದಲ್ಲೂ ಬಹುಪಾಲು ಕಿವಿಯಿಂದಲೇ ಬರುವುದು.

• ಕತ್ತಲೆ ಕೋಣೆಯಲ್ಲಿ ನೋಡಲು ಬಿಡಬೇಡಿ. ಇದು ಮನಸ್ಸಿನ ಹೆದರಿಕೆಯ ಮಾತಲ್ಲ, ಮೈಯದು. 1997ರ ಡಿಸೆಂಬರ್ 16ರ ಸಂಜೆ ಜಪಾನಿನ ಟಿವಿಯಲ್ಲಿ ಪೋಕೆಮಾನ್ ಬರುತ್ತಿತ್ತು. ಸ್ಫೋಟದ ದೃಶ್ಯವೊಂದರಲ್ಲಿ ಕೆಂಪು-ನೀಲಿ ಬೆಳಕು ಸೆಕೆಂಡಿಗೆ ಸುಮಾರು ಹನ್ನೆರಡು ಸಲದಂತೆ ಕೆಲವು ಸೆಕೆಂಡು ಮಿನುಗಿತು. ಮಕ್ಕಳಿಗೆ ತಲೆಸುತ್ತು, ವಾಂತಿ, ಕೆಲವರಿಗೆ ಸೆಳೆತ; ಆಂಬುಲೆನ್ಸಿನಲ್ಲಿ ಆಸ್ಪತ್ರೆ ಸೇರಿದವರೇ 685. ಅದೇ ತುಣುಕನ್ನು ಸುದ್ದಿಯಲ್ಲಿ ಮತ್ತೆ ತೋರಿಸಿದ್ದರಿಂದ ಇನ್ನೂ ಕೆಲವು ಮಕ್ಕಳಿಗೆ ತೊಂದರೆಯಾಯಿತು. ಕಾರ್ಯಕ್ರಮ ನಾಲ್ಕು ತಿಂಗಳು ನಿಂತುಹೋಯಿತು, ಆ ಕಂತನ್ನು ಮತ್ತೆಂದೂ ಪ್ರಸಾರ ಮಾಡಲಿಲ್ಲ. ಕೋಣೆಯ ದೀಪ ಉರಿಯಲಿ, ಟಿವಿಯಿಂದ ದೂರ ಕೂರಿಸಿ. ಮಿನುಗು ಶುರುವಾದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಮುಖ ತಿರುಗಿಸುವುದನ್ನು ಕಲಿಸಿ. ಎಂದಾದರೂ ಮಗುವಿಗೆ ಸೆಳೆತ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಕೈಗೆ ಕಬ್ಬಿಣದ ಕೀಲಿಕೈ ಹಿಡಿಸುತ್ತ ಹೊತ್ತು ಕಳೆಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

• ಇರಬೇಕಾದ ಹೆದರಿಕೆಯನ್ನು ಅಳಿಸಬೇಡಿ. ಬ್ರಿಟನ್ನಿನ 'ಪೆಪ್ಪಾ ಪಿಗ್' ಕಾರ್ಟೂನಿನ ಒಂದು ಕಂತಿನಲ್ಲಿ ಜೇಡ ಪುಟ್ಟದು, ಏನೂ ಮಾಡದು ಎಂದು ಅಪ್ಪ ಮಕ್ಕಳಿಗೆ ಹೇಳುತ್ತಾನೆ. ಬ್ರಿಟನ್ನಿಗೆ ಸರಿ. ಆಸ್ಟ್ರೇಲಿಯಾದಲ್ಲಿ ಕಚ್ಚಿದರೆ ಪ್ರಾಣಕ್ಕೆ ಕುತ್ತಾಗುವ ಜೇಡಗಳಿವೆ. ಹಾಗಾಗಿ ಅಲ್ಲಿನ ಎಬಿಸಿ ವಾಹಿನಿ 2012ರಲ್ಲಿ ಅದನ್ನು ಕೈಬಿಟ್ಟಿತು. ಕಾರ್ಟೂನಿನಲ್ಲಿ ಹಾವು ಗೆಳೆಯ ಆಗಿರಬಹುದು, ಅಡಿಕೆ ತೋಟದ ಕನ್ನಡಿ ಹಾವು ಅಲ್ಲ. ಇದನ್ನು ತೋಟದಲ್ಲಿ ನಿಂತೇ ಹೇಳಿಕೊಡಿ.

• ಉಣ್ಣಿಸಲು ಟಿವಿಯ ರಾಕ್ಷಸನನ್ನು ಕರೆಯಬೇಡಿ. "ತಿನ್ನದಿದ್ದರೆ ಟಿವಿಯವನು ಬರ್ತಾನೆ" ಎಂದರೆ ತುತ್ತು ಒಳಗೆ ಹೋದೀತು, ರಾತ್ರಿ ನಿದ್ದೆ ಹೋಗುತ್ತದೆ. ನಮ್ಮ ಕಾಲದಲ್ಲೂ ಗುಮ್ಮ ಇದ್ದ. ಅವನಿಗೆ ಮುಖ ಇರಲಿಲ್ಲ, ದನಿ ಇರಲಿಲ್ಲ. ಇವನಿಗೆ ಎರಡೂ ಇವೆ.

• ಅಣ್ಣ-ಅಕ್ಕಂದಿರು ನಗದಂತೆ ನೋಡಿಕೊಳ್ಳಿ. ಕದ್ದು ಅಳುವ ಮಗುವಿನ ಭಯ ಬೇಗ ಇಳಿಯುವುದಿಲ್ಲ.

• ಫೋನ್ ಕೊಟ್ಟು ಒಳಗೆ ಹೋಗಬೇಡಿ. ಟಿವಿಯಲ್ಲಿ ಬರುವುದನ್ನು ಯಾರೋ ಒಬ್ಬರಾದರೂ ಮೊದಲು ನೋಡಿರುತ್ತಾರೆ. ಯೂಟ್ಯೂಬಿನಲ್ಲಿ ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ. ಮಕ್ಕಳ ಪ್ರೀತಿಯ ಪಾತ್ರಗಳನ್ನೇ ಇಟ್ಟುಕೊಂಡು ರಕ್ತ, ಸೂಜಿ, ಹೊಡೆದಾಟ ತುಂಬಿದ ನಕಲಿ ಕಾರ್ಟೂನುಗಳು ಅಲ್ಲಿ ರಾಶಿ ಬಿದ್ದಿವೆ ಎಂದು 2017ರಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ತಾನಾಗಿ ಮುಂದಿನದಕ್ಕೆ ಹೋಗುವ ಆಟೋಪ್ಲೇ ಆರಿಸಿಡಿ.

• ರಾತ್ರಿಯ ಚೀರಾಟದಲ್ಲಿ ಎರಡು ಬಗೆ. ಮಲಗಿದ ಒಂದೆರಡು ಗಂಟೆಯಲ್ಲಿ ಚೀರಿ ಎದ್ದು ಕೂತು, ಕಣ್ಣು ತೆರೆದಿದ್ದರೂ ನಿಮ್ಮ ಗುರುತು ಹಿಡಿಯದಿದ್ದರೆ ಅದು ಗಾಢ ನಿದ್ದೆಯೊಳಗಿನ ಬೆಚ್ಚು. ಎಬ್ಬಿಸಬೇಡಿ, ಬೀಳದಂತೆ ಕಾಯಿರಿ. ಬೆಳಿಗ್ಗೆ ಮಗುವಿಗೆ ಅದರ ನೆನಪೇ ಇರುವುದಿಲ್ಲ. ಬೆಳಗಿನ ಜಾವದ ಕೆಟ್ಟ ಕನಸು ಬೇರೆ, ಅದು ನೆನಪಿರುತ್ತದೆ, ಆಗ ಅಪ್ಪಿಕೊಂಡು ಕತೆ ಕೇಳಿ. ದೃಷ್ಟಿ ತೆಗೆಯುವ ಪದ್ಧತಿ ಇದ್ದರೆ ತೆಗೆಯಿರಿ. ಉಪ್ಪು-ಮೆಣಸು ನಿವಾಳಿಸುವಷ್ಟು ಹೊತ್ತು ಮಗುವಿನ ಸುತ್ತ ಮನೆಯವರೆಲ್ಲ ಇರುತ್ತಾರಲ್ಲ.

• ಒಂದು ತಿಂಗಳಾದರೂ ಮಗು ಒಂಟಿಯಾಗಿ ಬಚ್ಚಲಿಗೆ ಹೋಗದಿದ್ದರೆ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದರೆ, ಶಾಲೆಗೆ ಹೋಗಲಾರೆನೆಂದು ಅತ್ತರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಹೋಗುವಾಗ ಮಗು ಏನನ್ನು ನೋಡಿ ಹೆದರಿತು, ಅಂದಿನಿಂದ ಎಷ್ಟು ರಾತ್ರಿ ಎದ್ದಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮಗುವಿನ ಎದುರಿಗೆ ಅದನ್ನೆಲ್ಲ ದೊಡ್ಡದಾಗಿ ಹೇಳುವುದು ಬೇಡ.