ಹೊಟ್ಟೆ ಕಟ್ಟಬೇಡ, ಲೆಕ್ಕ ಬರಿ



ನಮ್ಮ ದಾವಣಗೆರೆಯಲ್ಲಿ ಕಾಲೇಜುಗಳು ಬಹಳ. ಜಗಳೂರು, ಹರಪನಹಳ್ಳಿ, ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿಗಳಿಂದ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಕೆಲವರಿಗೆ ಹಾಸ್ಟೆಲ್ ಸಿಗುತ್ತದೆ. ಸಿಗದವರು ಮೂರು ನಾಲ್ಕು ಜನ ಸೇರಿ ಒಂದು ರೂಮು ಹಿಡಿಯುತ್ತಾರೆ. ಒಂದು ಸ್ಟವ್, ನಾಲ್ಕು ಪಾತ್ರೆ, ಒಂದು ಚಾಪೆ. ಅಷ್ಟೇ ಅವರ ಸಂಸಾರ.

ದೇವರಾಜ ಅರಸು ಬಡಾವಣೆಯಲ್ಲೂ ಇಂಥ ರೂಮುಗಳಿವೆ. ನಮ್ಮ ಕಲಿಕಾ ಕೇಂದ್ರಕ್ಕೆ ಸಂಜೆ ಬರುವ ಒಬ್ಬ ಅಕ್ಕನ ಮನೆಯ ಹಿಂದೆ ಅಂಥದೊಂದು ರೂಮಿದೆ. ಅಲ್ಲಿ ಮೂವರು ಹುಡುಗಿಯರು. ಮೂವರೂ ಡಿಗ್ರಿ ಎರಡನೇ ವರ್ಷ. ಅವರಲ್ಲಿ ಜಗಳೂರು ಕಡೆಯ ಹುಡುಗಿಯ ಕಥೆ ಇದು.

ಒಂದು ದಿನ ಬೆಳಿಗ್ಗೆ ಆ ಹುಡುಗಿ ನಲ್ಲಿ ಹತ್ತಿರ ತಲೆ ಸುತ್ತಿ ಬಿದ್ದಳು. ಅಕ್ಕ ಓಡಿ ಹೋಗಿ ಹಿಡಿದುಕೊಂಡರು.

"ಏನು ತಿಂದಿದ್ದೀಯವ್ವಾ?"

"ಟೀ ಕುಡಿದಿದ್ದೀನಿ ಆಂಟಿ."

"ರಾತ್ರಿ?"

ಹುಡುಗಿ ಮಾತಾಡಲಿಲ್ಲ. ಹಿಂದಿನ ದಿನ ಮಧ್ಯಾಹ್ನದಿಂದ ಅವಳು ಉಂಡಿರಲಿಲ್ಲ. ಊರಿಂದ ತಿಂಗಳಿಗೆ 4,000 ರೂಪಾಯಿ ಬರುತ್ತದೆ. 20ನೇ ತಾರೀಕಿಗೇ ದುಡ್ಡು ಮುಗಿಯುತ್ತದೆ. ಆಮೇಲೆ ಗೆಳತಿಯರ ಹತ್ತಿರ ಕೈಸಾಲ. ಅದೂ ಸಿಗದಿದ್ದರೆ ರಾತ್ರಿ ಉಪವಾಸ. ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಓದು ಬಿಡಿಸುತ್ತಾರೆ ಎಂಬ ಭಯ.

ಸುದ್ದಿ ತಿಳಿದು ತಾಯಿ ಬಂದರು. "ಈ ವರ್ಷ ಮೆಕ್ಕೆಜೋಳ ಕೈಗೆ ಹತ್ತಲಿಲ್ಲ. ಇನ್ನೂ ಸಾಲ ಮಾಡೋಕಾಗಲ್ಲ, ಮಗಳನ್ನ ಕರ್ಕೊಂಡು ಬಾ ಅಂತ ಇವರಪ್ಪ ಹೇಳಿ ಕಳಿಸಿದಾರೆ" ಎಂದು ಕಣ್ಣೊರೆಸಿಕೊಂಡರು.

ಅವತ್ತು ಸಂಜೆ ಆ ತಾಯಿ, ಮಗಳು ಇಬ್ಬರೂ ನಮ್ಮ ಕೇಂದ್ರಕ್ಕೆ ಬಂದರು. ತಾಯಿ ಕೂಡ ಊರಲ್ಲಿ ಹೊಸದಾಗಿ ಓದು ಬರಹ ಕಲಿತವರು. ನಾವು ಅವರ ಕೈಗೆ ಒಂದು ಹಾಳೆ, ಪೆನ್ಸಿಲ್ ಕೊಟ್ಟೆವು. "ಮೊದಲು ಬರೆಯೋಣ. ಆಮೇಲೆ ತೀರ್ಮಾನ ಮಾಡೋಣ" ಎಂದೆವು. ಮಗಳು ಹೇಳಿದಳು. ತಾಯಿ ಬರೆದರು.

ತಿಂಗಳ ಖರ್ಚು (ರೂಪಾಯಿ)

ಬಾಡಿಗೆ, ಕರೆಂಟು, ನೀರಿನ ಪಾಲು – 1,100
ಅಡುಗೆ ಸಾಮಾನು, ಗ್ಯಾಸಿನ ಪಾಲು – 900
ಹೋಟೆಲ್ ತಿಂಡಿ (ದಿನಕ್ಕೆ 40, 26 ದಿನ) – 1,040
ಟೀ, ಬಿಸ್ಕೆಟ್, ಕುರುಕಲು – 390
ಆಟೋ (ದಿನಕ್ಕೆ 20, 25 ದಿನ) – 500
ಜೆರಾಕ್ಸ್, ನೋಟ್ ಪುಸ್ತಕ – 250
ಮೊಬೈಲ್ ರೀಚಾರ್ಜ್ – 250
ಸೋಪು, ಪ್ಯಾಡ್, ಇತರೆ – 200
ಒಟ್ಟು – 4,630

ತಾಯಿ ಬೆರಳು ಮಡಚಿ ಎರಡು ಸಲ ಕೂಡಿಸಿದರು. "ಬರೋದು 4,000. ಹೋಗೋದು 4,630. ತಿಂಗಳಾ ತಿಂಗಳಾ 630 ಕಮ್ಮಿ!" ಎಂದರು. ಮತ್ತೆ ಹಾಳೆ ನೋಡಿದರು. "ಅಲ್ಲವ್ವಾ, ರೂಮಿನ ಒಲೆಗಿಂತ ಹೋಟೆಲ್ಲಿನ ಒಲೆಗೇ ಜಾಸ್ತಿ ಕೊಟ್ಟಿದ್ದೀಯಲ್ಲ!"

ಎಲ್ಲರೂ ನಕ್ಕರು. ಮಗಳೂ ನಕ್ಕಳು. "8 ಗಂಟೆಗೆ ಕ್ಲಾಸು. ಬೆಳಿಗ್ಗೆ ಹೊತ್ತೇ ಸಾಲಲ್ಲವ್ವಾ" ಎಂದಳು.

ನೋಡಿದಿರಾ ಅಕ್ಕಂದಿರೇ? ಹುಡುಗಿ ದುಂದು ಮಾಡಿರಲಿಲ್ಲ. ಸೋರುವ ಜಾಗ ಕಂಡಿರಲಿಲ್ಲ, ಅಷ್ಟೇ. ಕೊಡದಲ್ಲಿ ತೂತಿದ್ದರೆ ನೀರು ಕುಡಿಯುವುದನ್ನು ಬಿಡುತ್ತೇವೆಯೇ? ತೂತು ಮುಚ್ಚುತ್ತೇವೆ. ಅವತ್ತು ನಾವೆಲ್ಲ ಸೇರಿ ತೂತು ಹುಡುಕಿದೆವು. ಒಬ್ಬೊಬ್ಬ ಅಕ್ಕ ಒಂದೊಂದು ಉಪಾಯ ಹೇಳಿದರು.

ಬೆಳಗಿನ ತಿಂಡಿ. ದಾವಣಗೆರೆ ಮಂಡಕ್ಕಿಗೆ ಹೆಸರಾದ ಊರು. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಕೂಡಲೇ ಹಿಂಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಒಗ್ಗರಣೆ ಕೊಡಿ. ಮೇಲೆ ಹುರಿಗಡಲೆ ಪುಡಿ ಹಾಕಿ. 10 ನಿಮಿಷದ ಕೆಲಸ. ಇನ್ನೊಂದು ದಿನ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ. ರೊಟ್ಟಿಯನ್ನು ಚೆನ್ನಾಗಿ ಒಣಗಿಸಿ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಊರಿಂದಲೇ ಕಳಿಸಬಹುದು.

ಗ್ಯಾಸ್ ಉಳಿಸುವುದು. ಕಾಳನ್ನು ರಾತ್ರಿಯೇ ನೆನೆಹಾಕಿ. ಬೇಗ ಬೇಯುತ್ತದೆ. ಅನ್ನಕ್ಕೆ ಇಟ್ಟಾಗ ಚೆನ್ನಾಗಿ ಕುದಿ ಬಂದ ಮೇಲೆ ಐದಾರು ನಿಮಿಷ ಬೇಯಿಸಿ ಒಲೆ ಆರಿಸಿ. ಮುಚ್ಚಳ ಬಿಗಿ ಮಾಡಿ, ಪಾತ್ರೆಯನ್ನು ಹಳೆ ಕಂಬಳಿಯಲ್ಲಿ ಸುತ್ತಿಡಿ. ಒಳಗಿನ ಬಿಸಿಗೇ ಮುಕ್ಕಾಲು ಗಂಟೆಯಲ್ಲಿ ಅನ್ನ ಆಗುತ್ತದೆ. ಅಷ್ಟರಲ್ಲಿ ಸ್ನಾನ, ಓದು ಮುಗಿಯುತ್ತದೆ. ಬಿಸಿ ಇರುವಾಗಲೇ ಉಣ್ಣಿ. ಒಂದು ಎಚ್ಚರಿಕೆ: ಚಿಕ್ಕ ಸಿಲಿಂಡರಿಗೆ ಅಂಗಡಿಯಲ್ಲಿ ಕದ್ದು ಗ್ಯಾಸ್ ತುಂಬಿಸಬೇಡಿ. ಸಿಡಿದರೆ ಜೀವ ಹೋಗುತ್ತದೆ. 5 ಕೆ.ಜಿ. ಸಿಲಿಂಡರು ಗ್ಯಾಸ್ ಏಜೆನ್ಸಿಯಲ್ಲೇ ಸಿಗುತ್ತದೆ.

ಕುರುಕಲು. ಬಿಸ್ಕೆಟ್ಟಿನ ಬದಲು ಹುರಿದ ಶೇಂಗಾ, ಬೆಲ್ಲ. ನೆನೆಸಿ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳು ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ನಿಂಬೆರಸ, ಉಪ್ಪು ಹಾಕಿದರೆ ಹೊಟ್ಟೆಗೂ ಹಿತ, ಮೈಗೂ ಹಿತ.

ಓಡಾಟ. 2023ರ ಜೂನ್ 11ರಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಇದೇ ಶಕ್ತಿ ಯೋಜನೆ. ಗುರುತಿನ ಚೀಟಿ ತೋರಿಸಿ ಸೊನ್ನೆ ಟಿಕೆಟ್ ಪಡೆಯಬೇಕು. ಖಾಸಗಿ ಬಸ್ಸಿಗೆ ಇದು ನಡೆಯದು. ಬಸ್ಸಿನ ಹೊತ್ತು ತಿಳಿದು ಹೊರಟರೆ ಆಟೋ ಖರ್ಚು ತಪ್ಪುತ್ತದೆ.

ಓದಿನ ಸಾಮಾನು. ಹೋದ ವರ್ಷದ ನೋಟ್ ಪುಸ್ತಕಗಳಲ್ಲಿ ಉಳಿದ ಖಾಲಿ ಹಾಳೆ ಬಿಚ್ಚಿ, ದಬ್ಬಣದಿಂದ ಹೊಲಿದರೆ ರಫ್ ಪುಸ್ತಕ. ಮೇಲಿನ ಕ್ಲಾಸಿನವರ ಹಳೆ ಪುಸ್ತಕ ಅರ್ಧ ದುಡ್ಡಿಗೆ ಸಿಗಬಹುದು. ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಬರೆದುಕೊಂಡರೆ ಜೆರಾಕ್ಸ್ ಕಮ್ಮಿ. ಹರಿದ ಬ್ಯಾಗಿಗೆ ಹೊಲಿಗೆ, ಕಿಟಕಿ ಪರದೆಗೆ ಹಳೆ ಸೀರೆ.

ಹೀಗೆ ಹೇಳುತ್ತಾ ತಾಯಿ ಎರಡನೇ ಲೆಕ್ಕ ಬರೆದರು. ತಿಂಡಿ ರೂಮಿನಲ್ಲೇ ಮಾಡಿದರೆ ಸಾಮಾನಿಗೆ 400 ಹೆಚ್ಚು. ಹೋಟೆಲ್ಲಿನ 1,040 ಇಲ್ಲ. ಉಳಿದದ್ದು 640. ಕುರುಕಲಿನಲ್ಲಿ 240, ಆಟೋದಲ್ಲಿ 400, ಜೆರಾಕ್ಸಿನಲ್ಲಿ 100. ಒಟ್ಟು ಉಳಿತಾಯ 1,380. ಈಗ ಖರ್ಚು 3,250.

ಆಗ ಮನೆ ಮಾಲಕಿ ಅಕ್ಕ ಒಂದು ಮಾತು ಹೇಳಿದರು: "ಇಲ್ಲೇ ನಿಲ್ಲಿಸಬೇಡ್ರಿ. ಹುಡುಗಿ ರಕ್ತ ಇಲ್ಲದಂಗೆ ಬಿಳಿಚಿಕೊಂಡೈತೆ. ಹಾಲು, ಬಾಳೆಹಣ್ಣು, ಸೊಪ್ಪಿಗೆ 300 ಬರೀರಿ." ತಾಯಿ ಬರೆದರು. ಒಟ್ಟು 3,550. ಆದರೂ 450 ಉಳಿಯಿತು. ಅದು ಪರೀಕ್ಷೆ ಫೀಸಿಗೆ.

ಉಳಿತಾಯ ಎಂದರೆ ಇದು. ಊಟ, ಔಷಧಿ, ಪ್ಯಾಡ್, ಓದುವ ದೀಪ, ಇವುಗಳಲ್ಲಿ ಉಳಿಸಬಾರದು. ಹೊಟ್ಟೆ ಕಟ್ಟಿ ಉಳಿಸಿದ ದುಡ್ಡು ಆಸ್ಪತ್ರೆಗೆ ಹೋಗುತ್ತದೆ.

ಇನ್ನೊಂದು ವಿಷಯ. ಈ ಬಡಾವಣೆಗೆ ದೇವರಾಜ ಅರಸರ ಹೆಸರಿದೆ. ಅವರು 1972ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿಯಾದರು. ಅದೇ ವರ್ಷ ಹಿಂದುಳಿದ ವರ್ಗಗಳ ಸ್ಥಿತಿ ತಿಳಿಯಲು ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿದರು. 1975ರಲ್ಲಿ ವರದಿ ಬಂತು. ಬಡವರ ಮಕ್ಕಳ ಓದಿಗೆ ಸರ್ಕಾರದ ನೆರವು ಭಿಕ್ಷೆಯಲ್ಲ, ಹಕ್ಕು ಎಂಬ ಮಾತಿಗೆ ಬಲ ಬಂತು.

ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಎಂಬ ಯೋಜನೆ ಇದೆ. 2013-14ರಲ್ಲಿ ಶುರುವಾದಾಗ ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಎಂದು ಗೊತ್ತು ಮಾಡಿದ್ದರು. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಆಧಾರ್, ಬ್ಯಾಂಕ್ ಖಾತೆ ಬೇಕು. ಅರ್ಜಿಯ ಕೊನೆ ದಿನ, ಈಗಿನ ಮೊತ್ತ ಎಷ್ಟೆಂದು ಕಾಲೇಜಿನಲ್ಲಿ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯಲ್ಲಿ ಕೇಳಿ. ಪರಿಶಿಷ್ಟ ಜಾತಿ, ಪಂಗಡ, ಅಲ್ಪಸಂಖ್ಯಾತ ಮಕ್ಕಳಿಗೂ ಬೇರೆ ಬೇರೆ ವಿದ್ಯಾರ್ಥಿವೇತನ ಇವೆ. ಈ ಹುಡುಗಿ ಹಿಂದಿನ ವರ್ಷ ಅರ್ಜಿಯನ್ನೇ ಹಾಕಿರಲಿಲ್ಲ. ಮರುದಿನವೇ ಪತ್ರಗಳನ್ನು ಜೋಡಿಸಲು ಶುರು ಮಾಡಿದಳು.

ತಾಯಿ ಮಗಳನ್ನು ಕರೆದೊಯ್ಯಲಿಲ್ಲ. ಲೆಕ್ಕದ ಹಾಳೆಯನ್ನು ಮಡಚಿ, ಸೆರಗಿನಲ್ಲಿ ಕಟ್ಟಿಕೊಂಡು ಊರಿಗೆ ಹೋದರು. ಗಂಡನ ಮುಂದೆ ಕೂತು ಒಂದೊಂದೇ ಸಾಲು ತಾವೇ ಓದಿದರು. ಅವರು ಏನೂ ಹೇಳಲಿಲ್ಲವಂತೆ. ಮರುವಾರ ಜಗಳೂರು ಬಸ್ಸಿನಲ್ಲಿ ಒಂದು ಚೀಲ ಬಂತು. ಅದರಲ್ಲಿ 60 ಕಡಕ್ ರೊಟ್ಟಿ, ಒಂದು ಡಬ್ಬಿ ಚಟ್ನಿಪುಡಿ. ಜೊತೆಗೆ ಒಂದು ಚೀಟಿ. ಅಕ್ಷರ ಸೊಟ್ಟಗಿತ್ತು. ತಾಯಿಯದೇ ಕೈಬರಹ: "ರಾತ್ರಿ ಉಣ್ಣು. ಲೆಕ್ಕ ಬರಿ. ಅಪ್ಪ ಓದು ಅಂದರು."

ಲೆಕ್ಕ ಮಾಡೋಣ
1. ದಿನಕ್ಕೆ 15 ರೂಪಾಯಿಯಂತೆ 26 ದಿನ ಟೀ, ಬಿಸ್ಕೆಟ್ಟಿಗೆ ಖರ್ಚಾದರೆ ಒಟ್ಟು ಎಷ್ಟು?
2. ತಿಂಗಳಿಗೆ 450 ರೂಪಾಯಿ ಉಳಿದರೆ 6 ತಿಂಗಳಿಗೆ ಎಷ್ಟು?

ಮಾತಾಡೋಣ
1. ಹುಡುಗಿ ತನ್ನ ಉಪವಾಸವನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲ?
2. ಯಾವ ಖರ್ಚಿನಲ್ಲಿ ಉಳಿಸಬಹುದು? ಯಾವುದರಲ್ಲಿ ಉಳಿಸಬಾರದು?

ನೀವೇ ಬರೆಯಿರಿ
ನಿಮ್ಮ ಮನೆಯ ಒಂದು ವಾರದ ಖರ್ಚನ್ನು ಬರೆಯಿರಿ. ಸೋರುವ ಜಾಗಕ್ಕೆ ಗೆರೆ ಎಳೆಯಿರಿ. ಮುಂದಿನ ತರಗತಿಗೆ ತನ್ನಿ.