ಒಂದಕ್ಕೆ ಮೂರು ಸೇರಿಸುವ ಖಾತೆ

ಪ್ರಜೆಗಳು ದೀರ್ಘಾವಧಿಗೆ ಹಣ ಕೂಡಿಡಲೆಂದು ಸರ್ಕಾರಗಳು ಅನುಸರಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಉಳಿಸಿದ ಹಣಕ್ಕೆ ತೆರಿಗೆಯಲ್ಲಿ ರಿಯಾಯಿತಿ ಕೊಡುವುದು ಮೊದಲನೆಯದು; ಉಳಿಸಿದವರ ಖಾತೆಗೆ ಬೊಕ್ಕಸದಿಂದಲೇ ಒಂದಷ್ಟು ಹಣ ಸೇರಿಸುವುದು ಎರಡನೆಯದು. ಮೊದಲನೆಯದರಲ್ಲಿ ಹೆಚ್ಚು ತೆರಿಗೆ ಕಟ್ಟುವವರಿಗೆ ಹೆಚ್ಚು ಲಾಭವಾಗುತ್ತದೆ, ತೆರಿಗೆಯ ವ್ಯಾಪ್ತಿಗೇ ಬಾರದವರಿಗೆ ಏನೂ ದಕ್ಕುವುದಿಲ್ಲ. ಅಂಗವೈಕಲ್ಯವುಳ್ಳವರಲ್ಲಿ ಬಹುಮಂದಿಗೆ ತೆರಿಗೆ ಕಟ್ಟುವಷ್ಟು ದುಡಿಯುವ ಅವಕಾಶವೇ ಸಿಗದಿರುವಾಗ, ಔಷಧ, ಉಪಕರಣ, ಆರೈಕೆಗಳ ಖರ್ಚು ಮಾತ್ರ ಉಳಿದವರಿಗಿಂತ ಹೆಚ್ಚಾಗಿರುವಾಗ, ಈ ಎರಡು ಮಾರ್ಗಗಳ ನಡುವಿನ ವ್ಯತ್ಯಾಸ ಅವರ ಬದುಕನ್ನೇ ತಟ್ಟುತ್ತದೆ. ಎರಡನೆಯ ಮಾರ್ಗವನ್ನು ಧೈರ್ಯವಾಗಿ ಹಿಡಿದ ಯೋಜನೆಗಳಲ್ಲಿ ಕೆನಡಾದ ನೋಂದಾಯಿತ ಅಂಗವೈಕಲ್ಯ ಉಳಿತಾಯ ಯೋಜನೆ, ಅಂದರೆ ಅಲ್ಲಿಯವರು ಆರ್‌ಡಿಎಸ್‌ಪಿ ಎಂದು ಕರೆಯುವ ಖಾತೆ, ಗಮನಾರ್ಹವಾದದ್ದು.

ತಾವು ಕಣ್ಣು ಮುಚ್ಚಿದ ಮೇಲೆ ಮಗುವಿನ ಗತಿಯೇನು ಎಂಬ ತಂದೆತಾಯಿಯರ ಹಳೆಯ ಚಿಂತೆ ಈ ಯೋಜನೆಯ ಮೂಲದಲ್ಲಿದೆ. ಆಸ್ತಿ ಬಿಟ್ಟುಹೋಗೋಣವೆಂದರೆ ಅದರಲ್ಲೂ ಒಂದು ತೊಡಕಿತ್ತು. ಒಂಟಾರಿಯೊ ಪ್ರಾಂತ್ಯದ ಅಂಗವೈಕಲ್ಯ ನೆರವು ಪಡೆಯುವ ಒಂಟಿ ವ್ಯಕ್ತಿಯ ಬಳಿ ಆ ಕಾಲದಲ್ಲಿ 5,000 ಡಾಲರಿಗಿಂತ ಹೆಚ್ಚು ಹಣ ಇರಕೂಡದೆಂಬ ನಿಯಮವಿದ್ದುದರಿಂದ, ಹೆತ್ತವರು ಮಗುವಿನ ಹೆಸರಿನಲ್ಲಿ ಇಟ್ಟ ಹಣವೇ ಅದರ ಮಾಸಿಕ ನೆರವಿಗೆ ಕುತ್ತು ತರುವಂತಾಗಿತ್ತು. ಆಲ್ ಎಟ್ಮಾನ್‌ಸ್ಕಿ ಮತ್ತು ವಿಕಿ ಕ್ಯಾಮ್ಯಾಕ್ ಕೆಲವು ಕುಟುಂಬಗಳೊಡನೆ ಸೇರಿ 1989ರಲ್ಲಿ ಕಟ್ಟಿದ ವ್ಯಾಂಕೂವರ್ ಪ್ರದೇಶದ ಪ್ಲ್ಯಾನ್ ಎಂಬ ಸಂಸ್ಥೆ ಈ ವಿಷಯವನ್ನು ವರ್ಷಗಟ್ಟಲೆ ಸರ್ಕಾರದ ಮುಂದಿಟ್ಟಿತು. ಹಣಕಾಸು ಸಚಿವ ಜಿಮ್ ಫ್ಲಾಹರ್ಟಿ 2006ರಲ್ಲಿ ತಜ್ಞರ ಸಮಿತಿಯೊಂದನ್ನು ನೇಮಿಸಿ, 2007ರ ಬಜೆಟ್ಟಿನಲ್ಲಿ ಯೋಜನೆಯನ್ನು ಘೋಷಿಸಿದರು. 2008ರ ಡಿಸೆಂಬರಿನಲ್ಲಿ ಖಾತೆಗಳು ತೆರೆದವು. ಈ ಖಾತೆಯ ಹಣವನ್ನು ನೆರವಿನ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಒಂಟಾರಿಯೊ, ಬ್ರಿಟಿಷ್ ಕೊಲಂಬಿಯಾ ಮೊದಲಾದ ಪ್ರಾಂತ್ಯಗಳು ಒಪ್ಪಿಕೊಂಡದ್ದು ಯೋಜನೆಯ ಅರ್ಧ ಗೆಲುವು ಎನ್ನಬೇಕು.

ಸರ್ಕಾರ ಸೇರಿಸುವ ಹಣದಲ್ಲಿ ಎರಡು ಬಗೆಯಿದೆ. ಕುಟುಂಬ ಹಾಕಿದ ಹಣಕ್ಕೆ ಪ್ರತಿಯಾಗಿ ಬರುವುದು ಅನುದಾನ. ಕುಟುಂಬ ಏನೂ ಹಾಕದಿದ್ದರೂ ಬಡತನದ ಆಧಾರದ ಮೇಲೆ ಬರುವುದು ಬಾಂಡ್. ಹೆಸರು ಬಾಂಡ್ ಎಂದಿದ್ದರೂ ಇದು ಸಾಲಪತ್ರವಲ್ಲ, ಕೊಡುಗೆ. ಕುಟುಂಬದ ವಾರ್ಷಿಕ ನಿವ್ವಳ ಆದಾಯ ಒಂದು ಮಿತಿಯೊಳಗಿದ್ದರೆ (2025ರಲ್ಲಿ ಅದು 1,14,750 ಡಾಲರ್), ವರ್ಷದಲ್ಲಿ ಹಾಕಿದ ಮೊದಲ 500 ಡಾಲರಿಗೆ ಸರ್ಕಾರ ಮೂರು ಪಟ್ಟು, ಮುಂದಿನ 1,000 ಡಾಲರಿಗೆ ಎರಡು ಪಟ್ಟು ಸೇರಿಸುತ್ತದೆ. ಅಂದರೆ 1,500 ಡಾಲರಿಗೆ 3,500 ಡಾಲರ್ ಅನುದಾನ. ಆದಾಯ ಆ ಮಿತಿ ಮೀರಿದವರಿಗೆ ಮೊದಲ 1,000 ಡಾಲರಿಗೆ ಅಷ್ಟೇ ಮೊತ್ತ ಸಿಗುತ್ತದೆ. ಆದಾಯ, 2025ರ ಮಿತಿಯಂತೆ, 37,487 ಡಾಲರನ್ನು ಮೀರದಿದ್ದರೆ ವರ್ಷಕ್ಕೆ 1,000 ಡಾಲರ್ ಬಾಂಡ್ ಪೂರ್ತಿಯಾಗಿ ಬರುತ್ತದೆ, ಅಲ್ಲಿಂದ ಮೇಲಕ್ಕೆ ಅದು ಇಳಿಯುತ್ತಾ 57,375 ಡಾಲರಿಗೆ ಸೊನ್ನೆಯಾಗುತ್ತದೆ. ಜೀವಮಾನದಲ್ಲಿ ಅನುದಾನ 70,000 ಡಾಲರನ್ನೂ, ಬಾಂಡ್ 20,000 ಡಾಲರನ್ನೂ, ಕುಟುಂಬದ ಕೊಡುಗೆ 2,00,000 ಡಾಲರನ್ನೂ ಮೀರುವಂತಿಲ್ಲ. ಬಡ ಕುಟುಂಬವೊಂದು ವರ್ಷಕ್ಕೆ 1,500 ಡಾಲರಿನಂತೆ ಇಪ್ಪತ್ತು ವರ್ಷ ಹಾಕಿದರೆ ಅದರ ಕೈಯಿಂದ ಹೋಗುವುದು 30,000, ಸರ್ಕಾರದಿಂದ ಬರುವುದು 90,000. ಹೂಡಿಕೆಯ ಬೆಳವಣಿಗೆ ಬದಿಗಿರಲಿ, ಅಸಲೇ 1,20,000 ಡಾಲರ್ ಆಗುತ್ತದೆ. ಯಾವ ಠೇವಣಿಯೂ ಯಾವ ಮ್ಯೂಚುವಲ್ ಫಂಡೂ ಇದಕ್ಕೆ ಸಾಟಿಯಲ್ಲ.

ಹದಿನೆಂಟು ತುಂಬುವ ವರ್ಷದವರೆಗೆ ಲೆಕ್ಕಕ್ಕೆ ಬರುವುದು ಹೆತ್ತವರ ಆದಾಯ. ಅದರ ಮರುವರ್ಷದಿಂದ ಫಲಾನುಭವಿಯ ಮತ್ತು ಸಂಗಾತಿಯಿದ್ದರೆ ಆ ಸಂಗಾತಿಯ ಆದಾಯ ಮಾತ್ರ. ಆದ್ದರಿಂದ ಒಳ್ಳೆಯ ಸಂಬಳದ ಎಂಜಿನಿಯರ್ ದಂಪತಿಯ ಮಗ ಹತ್ತೊಂಬತ್ತಕ್ಕೆ ಕಾಲಿಟ್ಟ ವರ್ಷದಿಂದಲೇ ಪೂರ್ಣ ಬಾಂಡಿಗೂ ಮೂರು ಪಟ್ಟು ಅನುದಾನಕ್ಕೂ ಅರ್ಹನಾಗಬಲ್ಲ. ಆದರೆ ಆ ಆದಾಯ ಸರ್ಕಾರಕ್ಕೆ ಗೊತ್ತಾಗುವುದು ತೆರಿಗೆ ವಿವರ ಸಲ್ಲಿಸಿದಾಗ ಮಾತ್ರ, ಅದರಲ್ಲೂ ನೋಡುವುದು ಎರಡು ವರ್ಷ ಹಿಂದಿನ ವಿವರವನ್ನು. ಮಗನಿಗೆ ಬಿಡಿಗಾಸಿನ ಆದಾಯವಿಲ್ಲದಿದ್ದರೂ ಹದಿನೇಳರಿಂದಲೇ ಅವನ ಹೆಸರಿನಲ್ಲಿ ವಿವರ ಸಲ್ಲಿಸುತ್ತಾ ಬರಬೇಕೆಂಬ ಮಾತು, ಅಂಕಣಕಾರ ಕಂಡಂತೆ, ಅನೇಕ ಮನೆಗಳಲ್ಲಿ ಮೊದಲ ಬಾರಿಗೆ ಕೇಳಿದ ಮಾತಾಗಿರುತ್ತದೆ.

ಯೋಜನೆಯ ನಿಜವಾದ ಹೆಬ್ಬಾಗಿಲು ಬ್ಯಾಂಕಿನಲ್ಲಿಲ್ಲ. ಖಾತೆ ತೆರೆಯಬೇಕಾದರೆ ವ್ಯಕ್ತಿಗೆ ಮೊದಲು ಅಂಗವೈಕಲ್ಯ ತೆರಿಗೆ ರಿಯಾಯಿತಿಯ ಅರ್ಹತೆ ಸಿಕ್ಕಿರಬೇಕು. ಟಿ2201 ಎಂಬ ನಮೂನೆಯನ್ನು ವೈದ್ಯರು ಅಥವಾ ಅಧಿಕೃತ ಚಿಕಿತ್ಸಕರು ತುಂಬಿ, ನಡೆ, ನೋಟ, ಮಾತು, ಶ್ರವಣ, ಮಾನಸಿಕ ಕಾರ್ಯಗಳಂಥ ದೈನಂದಿನ ಚಟುವಟಿಕೆಗಳಲ್ಲಿ ಕನಿಷ್ಠ ಹನ್ನೆರಡು ತಿಂಗಳ ತೀವ್ರ ತೊಡಕಿದೆಯೆಂದು ದೃಢೀಕರಿಸಬೇಕು. ಕಂದಾಯ ಇಲಾಖೆ ಅದನ್ನು ಒಪ್ಪಬೇಕು. ಇಲ್ಲೇ ಒಂದು ವಿಪರ್ಯಾಸವಿದೆ. ಆ ರಿಯಾಯಿತಿ ಕಟ್ಟಬೇಕಾದ ತೆರಿಗೆಯನ್ನು ಕಡಿಮೆ ಮಾಡುವುದೇ ಹೊರತು ನಗದಾಗಿ ಕೈಗೆ ಬರುವುದಿಲ್ಲ. ಆದ್ದರಿಂದ ತೆರಿಗೆಯೇ ಇಲ್ಲದ ಬಡವರು ತಮಗೇಕೆ ಈ ಉಸಾಬರಿ ಎಂದು ಅರ್ಜಿಯನ್ನೇ ಹಾಕುವುದಿಲ್ಲ. ಯಾರಿಗೆ ಬಾಂಡ್ ಪೂರ್ತಿ ಸಿಗಬೇಕಿತ್ತೋ ಅವರೇ ಬಾಗಿಲ ಹೊರಗೆ ಉಳಿಯುತ್ತಾರೆ. ಅತ್ಯಂತ ಕಡಿಮೆ ಇರುವವರಿಗೆ ಅತ್ಯಂತ ಹೆಚ್ಚು ಕೊಡಲೆಂದು ರೂಪಿಸಿದ ಯೋಜನೆಯ ಕೀಲಿಕೈಯನ್ನು ತೆರಿಗೆದಾರರ ರಿಯಾಯಿತಿಯೊಂದಕ್ಕೆ ಕಟ್ಟಿಹಾಕಿದ್ದು ಅದರ ದೊಡ್ಡ ದೋಷ. ಸಾಲದ್ದಕ್ಕೆ, ನಮೂನೆ ತುಂಬಿಸಿಕೊಡುವೆವೆಂದು ಬಂದ ಹಣದಲ್ಲಿ ಶೇಕಡಾವಾರು ಪಾಲು ಕೇಳುವ ಮಧ್ಯವರ್ತಿಗಳೂ ಇದ್ದಾರೆ. ವೈದ್ಯರ ಶುಲ್ಕವನ್ನು ಬಿಟ್ಟರೆ ಯಾರಿಗೂ ಕೊಡಬೇಕಾದದ್ದೇನೂ ಇಲ್ಲ. 2025ರ ಜುಲೈಯಿಂದ ತಿಂಗಳಿಗೆ ಗರಿಷ್ಠ 200 ಡಾಲರ್ ಕೊಡಲಾರಂಭಿಸಿದ ಕೆನಡಾ ಅಂಗವೈಕಲ್ಯ ಭತ್ಯೆಗೂ ಇದೇ ಅರ್ಹತೆ ಬೇಕಾಗಿರುವುದರಿಂದ, ಅರ್ಜಿ ಹಾಕಲು ಈಗ ಇನ್ನೊಂದು ಕಾರಣವೂ ಸೇರಿದೆ.

ತಡವಾಗಿ ಬಂದವರಿಗೆ ಬಾಗಿಲು ಮುಚ್ಚಿಲ್ಲ. ಅರ್ಹತೆಯಿದ್ದೂ ಖಾತೆಯಿಲ್ಲದೆ ಕಳೆದ ಹತ್ತು ವರ್ಷಗಳವರೆಗಿನ ಅನುದಾನ ಮತ್ತು ಬಾಂಡನ್ನು ಹಿಂದಕ್ಕೆ ಹೋಗಿ ಪಡೆಯಬಹುದು. ಹೀಗೆ ಒಂದೇ ವರ್ಷದಲ್ಲಿ ಅನುದಾನ 10,500 ಡಾಲರಿನವರೆಗೆ, ಬಾಂಡ್ 11,000 ಡಾಲರಿನವರೆಗೆ ಬರಬಹುದು. ಮೂವತ್ತರ ಹರೆಯದ, ಆದಾಯವಿಲ್ಲದ ವ್ಯಕ್ತಿಯೊಬ್ಬರು ಒಂದು ಕಾಸೂ ಹಾಕದೆ ಖಾತೆ ತೆರೆದರೂ, ಹಿಂದಿನ ವರ್ಷಗಳ ಅರ್ಹತೆ ಮತ್ತು ತೆರಿಗೆ ವಿವರಗಳು ಸರಿಯಾಗಿದ್ದರೆ, 11,000 ಡಾಲರ್ ಖಾತೆಗೆ ಬಂದು ಬೀಳುತ್ತದೆ. ಮೊದಲು ಸ್ವಲ್ಪ ಹಣ ಕೂಡಿಸಿಕೊಂಡು ಆಮೇಲೆ ತೆರೆಯೋಣ ಎಂಬ, ನಮ್ಮವರಲ್ಲಿ ಬಹು ಸಾಮಾನ್ಯವಾದ ವಿವೇಕ ಇಲ್ಲಿ ಅವಿವೇಕ.

ಕೊಡುವ ಕೈ ಧಾರಾಳವಾಗಿದ್ದರೂ ಬಿಡಿಸಿಕೊಳ್ಳುವ ನಿಯಮ ಬಿಗಿಯಾದದ್ದು. ಸರ್ಕಾರದ ಪ್ರತಿ ಕೊಡುಗೆಯೂ ಹತ್ತು ವರ್ಷ ಖಾತೆಯಲ್ಲೇ ಇರಬೇಕು. ಅದಕ್ಕೂ ಮೊದಲು ಹಣ ತೆಗೆದರೆ, ತೆಗೆದ ಒಂದೊಂದು ಡಾಲರಿಗೆ ಮೂರು ಡಾಲರಿನಂತೆ, ಆ ಹತ್ತು ವರ್ಷದೊಳಗೆ ಬಂದ ಕೊಡುಗೆಯನ್ನು ಮರಳಿಸಬೇಕಾಗುತ್ತದೆ. ಆರಂಭದಲ್ಲಿ ಇದು ಇನ್ನೂ ಕ್ರೂರವಾಗಿತ್ತು. ಎಷ್ಟೇ ಸಣ್ಣ ಮೊತ್ತ ತೆಗೆದರೂ ಹತ್ತು ವರ್ಷಗಳ ಕೊಡುಗೆಯೆಲ್ಲ ವಾಪಸು ಹೋಗುತ್ತಿದ್ದದ್ದನ್ನು 2014ರಿಂದ ಸಡಿಲಿಸಲಾಯಿತು. ಅನುದಾನ ಮತ್ತು ಬಾಂಡ್ ನಲವತ್ತೊಂಬತ್ತು ತುಂಬುವ ವರ್ಷದ ಕೊನೆಗೆ ನಿಲ್ಲುವುದು, ಅರವತ್ತು ತುಂಬುವ ವರ್ಷದ ಕೊನೆಯೊಳಗೆ ಆಜೀವ ಪಾವತಿ ಆರಂಭವಾಗಲೇಬೇಕಾದದ್ದು, ಇವೆರಡೂ ಈ ಹತ್ತು ವರ್ಷಗಳ ಲೆಕ್ಕಕ್ಕೆ ಹೊಂದಿಕೊಂಡಿವೆ. ಆದ್ದರಿಂದ ಇದು ಮುಪ್ಪಿನ ಹಣ. ಗಾಲಿಕುರ್ಚಿ ಮುರಿದಾಗ, ಬಾಡಿಗೆ ಏರಿದಾಗ ಒದಗುವ ಹಣವಲ್ಲ. ಆಪತ್ತಿಗೆ ಬೇಕಾದಷ್ಟನ್ನು ಬೇರೆ ಇಟ್ಟುಕೊಳ್ಳದೆ ಎಲ್ಲವನ್ನೂ ಇದರಲ್ಲೇ ತುಂಬುವುದು ಅಪಾಯಕರ.

ಆಜೀವ ಪಾವತಿಯ ವಾರ್ಷಿಕ ಮಿತಿಯನ್ನು ಗೊತ್ತುಮಾಡುವ ಸೂತ್ರ ಸರಳವಾದದ್ದು: ಎಂಬತ್ತಕ್ಕೆ ಮೂರು ಕೂಡಿಸಿ, ವಯಸ್ಸನ್ನು ಕಳೆದು, ಉಳಿದ ಸಂಖ್ಯೆಯಿಂದ ಖಾತೆಯ ಮೌಲ್ಯವನ್ನು ಭಾಗಿಸುವುದು. ಅರವತ್ತರಲ್ಲಿ 2,30,000 ಡಾಲರ್ ಇದ್ದರೆ ಮೊದಲ ವರ್ಷಕ್ಕೆ 10,000 ಡಾಲರ್. ಹಾಕಿದ ಅಸಲಿಗೆ ತೆರಿಗೆಯಿಲ್ಲ. ಸರ್ಕಾರದ ಪಾಲು ಮತ್ತು ಬೆಳವಣಿಗೆಗೆ ಫಲಾನುಭವಿಯ ಹೆಸರಿನಲ್ಲಿ ತೆರಿಗೆ ಬೀಳುತ್ತದೆಯಾದರೂ ಆದಾಯ ಕಡಿಮೆಯಿರುವವರಿಗೆ ಅದು ಹಗುರ. ಆಯುಸ್ಸು ಐದು ವರ್ಷಕ್ಕಿಂತ ಹೆಚ್ಚಿಲ್ಲವೆಂದು ವೈದ್ಯರು ದೃಢೀಕರಿಸಿದವರಿಗೆ ಬೇರೆ ಸಡಿಲ ನಿಯಮಗಳಿವೆ.

ವಯಸ್ಕನಾದರೂ ಒಪ್ಪಂದ ಮಾಡಿಕೊಳ್ಳುವ ಬೌದ್ಧಿಕ ಸಾಮರ್ಥ್ಯವಿಲ್ಲದವನ ಖಾತೆಯನ್ನು ಯಾರು ತೆರೆಯಬೇಕೆಂಬುದು ಬಹುಕಾಲ ಕುಟುಂಬಗಳನ್ನು ಕಾಡಿದ ಪ್ರಶ್ನೆ. ಕಾನೂನುಬದ್ಧ ಪೋಷಕನೆಂದು ಘೋಷಿಸಿಕೊಳ್ಳಲು ನ್ಯಾಯಾಲಯಕ್ಕೆ ಅಲೆಯಬೇಕಿದ್ದ ಹೆತ್ತವರಿಗೂ ಸಂಗಾತಿಗೂ 2012ರಲ್ಲಿ ತಾತ್ಕಾಲಿಕ ಅವಕಾಶವೊಂದನ್ನು ಕಲ್ಪಿಸಲಾಯಿತು. 2023ರ ಬಜೆಟ್ ಅದನ್ನು ಒಡಹುಟ್ಟಿದವರಿಗೂ ಚಾಚಿ 2026ರ ಅಂತ್ಯದವರೆಗೆ ವಿಸ್ತರಿಸಿತು. ಈ ಒಂದು ವಿಷಯದಲ್ಲಿ ಭಾರತ ಮುಂದಿದೆಯೆನ್ನಬಹುದು. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಮಿದುಳಿನ ಪಾರ್ಶ್ವವಾಯು, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ ಜಿಲ್ಲಾಧಿಕಾರಿಯಿರುವ ಸ್ಥಳೀಯ ಮಟ್ಟದ ಸಮಿತಿಯೇ ಪೋಷಕರನ್ನು ನೇಮಿಸಬಲ್ಲದು.

ಹಣದ ವಿಷಯಕ್ಕೆ ಬಂದರೆ ಭಾರತ ಮೊದಲನೆಯ ಮಾರ್ಗದಲ್ಲೇ ನಿಂತಿದೆ. 1961ರ ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಂ, ಅವಲಂಬಿತ ವಿಕಲಚೇತನರ ಆರೈಕೆಗೆ ಖರ್ಚು ಮಾಡಿದವರಿಗೆ ಅಥವಾ ಅವರಿಗಾಗಿ ನಿಗದಿತ ವಿಮಾ ಯೋಜನೆಯಲ್ಲಿ ಹಣ ತೊಡಗಿಸಿದವರಿಗೆ ತೆರಿಗೆಗೊಳಪಡುವ ಆದಾಯದಲ್ಲಿ 75,000 ರೂಪಾಯಿ, ವೈಕಲ್ಯ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತವನ್ನು ಕೊಟ್ಟಿತು, ಅದೂ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ. ಶೇಕಡಾ 30ರ ದರದಲ್ಲಿ ತೆರಿಗೆ ಕಟ್ಟುವ ಬೆಂಗಳೂರಿನ ಉದ್ಯೋಗಿಗೆ 1,25,000ದ ಕಡಿತದಿಂದ, ಸೆಸ್ ಬಿಟ್ಟು, 37,500 ರೂಪಾಯಿ ಉಳಿಯುತ್ತದೆ. ಶೇಕಡಾ 5ರ ದರದವರಿಗೆ 6,250 ರೂಪಾಯಿ. ರಾಯಚೂರಿನ ಕೂಲಿ ಕಾರ್ಮಿಕನಿಗೆ ಏನೂ ಇಲ್ಲ, ಅವನ ಮಗುವಿನ ವೈಕಲ್ಯ ಎಷ್ಟೇ ತೀವ್ರವಾಗಿರಲಿ. ಮಾಸಾಶನ ಇದೆ ಎಂದು ಹೇಳಬಹುದು, ಆದರೆ ಮಾಸಾಶನ ಅಂದಂದಿನ ಊಟಕ್ಕೆ, ನಾಳಿನ ಉಳಿತಾಯಕ್ಕಲ್ಲ. ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಆಧಾರ್, ಬ್ಯಾಂಕ್ ಖಾತೆ ಮೂರೂ ಈಗ ಹಳ್ಳಿಗಳವರೆಗೂ ತಲುಪಿರುವ ದೇಶದಲ್ಲಿ, ಬಡ ಕುಟುಂಬ ಹಾಕಿದ ಒಂದು ರೂಪಾಯಿಗೆ ಇನ್ನೊಂದನ್ನಾದರೂ ಸೇರಿಸುವ ಖಾತೆ ಅಸಾಧ್ಯವಾದದ್ದೇನೂ ಅಲ್ಲ. ವಿಕಲಚೇತನರ ಸಂಘಟನೆಗಳು ಮಾಸಾಶನದ ಏರಿಕೆಯ ಜೊತೆಗೆ ಈ ಬೇಡಿಕೆಯನ್ನೂ ಮುಂದಿಡಬೇಕು.

ಕೆನಡಾದಲ್ಲಿ ನೆಲೆಸಿರುವ ಕನ್ನಡಿಗರು ಇನ್ನೊಂದು ನಿಯಮವನ್ನು ನೆನಪಿಡಬೇಕು. ಖಾತೆ ತೆರೆಯುವಾಗಲೂ ಹಣ ಹಾಕುವಾಗಲೂ ಫಲಾನುಭವಿ ಆ ದೇಶದ ನಿವಾಸಿಯಾಗಿರಬೇಕು. ಕುಟುಂಬ ಊರಿಗೆ ಮರಳಿ ಅನಿವಾಸಿಯಾದ ವರ್ಷಗಳಲ್ಲಿ ಕೊಡುಗೆಯನ್ನೂ ಹಾಕುವಂತಿಲ್ಲ, ಅನುದಾನವೂ ಬಾಂಡೂ ಬರುವುದಿಲ್ಲ. ಅಲ್ಲಿರುವಷ್ಟು ಕಾಲದ ಪ್ರತಿ ವರ್ಷಕ್ಕೂ ಬೆಲೆಯಿದೆ, ಮತ್ತು ಆಯಾ ವರ್ಷದ ಕೊಡುಗೆಗೆ ಕೊನೆಯ ದಿನ ಡಿಸೆಂಬರ್ 31.