ಮಾಸು ಬೀಳಲು ಇಂಜೆಕ್ಷನ್ ಬೇಕೇ?

ಇಂಜೆಕ್ಷನ್ ಇಲ್ಲದೆಯೂ ಮಾಸು ಬೀಳುತ್ತದೆ ಎಂಬ ನಿಮ್ಮ ಅತ್ತೆಯವರ ಮಾತು ಸುಳ್ಳಲ್ಲ. ಹೆಚ್ಚಿನವರಿಗೆ ಮಾಸು ತಾನಾಗಿಯೇ ಬೀಳುತ್ತದೆ. ಆದರೆ ಇಂಜೆಕ್ಷನ್ ಇರುವುದು ಮುಖ್ಯವಾಗಿ ರಕ್ತಸ್ರಾವ ತಡೆಯಲು. ಮಗು ಹುಟ್ಟಿದ ನಿಮಿಷದೊಳಗೆ ತೊಡೆಗೆ 10 ಯೂನಿಟ್ ಆಕ್ಸಿಟೋಸಿನ್ ಕೊಟ್ಟರೆ ಗರ್ಭಕೋಶ ಬಿಗಿದು, ತೆರೆದ ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತದೆ. ಯಾರಿಗೆ ವಿಪರೀತ ರಕ್ತ ಹೋಗುತ್ತದೆಂದು ಮೊದಲೇ ಹೇಳಲಾಗದು. ಎಲ್ಲ ಸರಿಯಿದ್ದ ಬಾಣಂತಿಗೂ ಹೋಗಬಹುದು. ಭಟ್ಕಳ, ಕುಮಟಾದಂತೆ ನಿಮ್ಮ ಹೊನ್ನಾವರದಲ್ಲೂ ತಾಲೂಕು ಆಸ್ಪತ್ರೆಯಿದೆ, ಸರಿ. ಕೈಮೀರಿದರೆ? ಮಣಿಪಾಲದ ದೊಡ್ಡ ಆಸ್ಪತ್ರೆ ನೂರು ಕಿ.ಮೀ.ಗೂ ದೂರ, ಅದೂ ಮಳೆಗಾಲದ ಹೆದ್ದಾರಿ! ಹಿಮೋಗ್ಲೋಬಿನ್ 9 ಮಾತ್ರ ಇರುವ ನಿಮಗೆ ನನ್ನ ಸಲಹೆ: ಹಾಕಿಸಿಕೊಳ್ಳಿ. ಹೊಕ್ಕುಳಬಳ್ಳಿಯನ್ನು ಒಂದೆರಡು ನಿಮಿಷ ತಡೆದು ಕತ್ತರಿಸುವುದಕ್ಕಾಗಲೀ ಹಾಲೂಡಿಸುವುದಕ್ಕಾಗಲೀ ಇದು ಅಡ್ಡಿಯಲ್ಲ. ಬಿಪಿ ಇದ್ದರೆ ಮೊದಲೇ ತಿಳಿಸಿ. ಅಂಥವರಿಗೆ ರಕ್ತಸ್ರಾವ ತಡೆಯುವ ಇನ್ನೊಂದು ಔಷಧ ಮೆಥರ್ಜಿನ್ ಆಗದು.